ಅಂಗಡಿಯವರ ಎರಡನೆಯ ನೋಟ್‌ಬುಕ್ಕು

ಗುರುಸಿದ್ದಪ್ಪ ಅಂಗಡಿಯವರಿಗೆ ಯಾವುದನ್ನೂ ಚೆನ್ನಾಗಿದೆ ಅಥವಾ ಚೆನ್ನಾಗಿಲ್ಲ ಎಂದು ಒಂದೇ ಮಾತಿನಲ್ಲಿ ಹೇಳಿ ಮುಗಿಸಲು ಬರುತ್ತಿರಲಿಲ್ಲ. ಜರ್ಮನಿಗೆ ಹೋದ ಹೊಸತರಲ್ಲಿ ನಾನು ನನ್ನ ಬಾಡಿಗೆ ಕೋಣೆಯಲ್ಲಿ ಮೊದಲ ಸಲ ಸಾರು ಮಾಡಿ, ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು ಹೋಗಿ, ಆಫೀಸಿನ ಕ್ಯಾಂಟೀನಿನಲ್ಲಿ ಹೆಮ್ಮೆಯಿಂದ ಅವರ ಮುಂದಿಟ್ಟಿದ್ದೆ. ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು. “ಉಪ್ಪು ಒಂದ್ ಚಿಟಿಕಿ ಕಡಿಮಿ ಐತಿ. ಹುಳಿ ಬರೋಬ್ಬರಿ. ಬ್ಯಾಳಿ ಇನ್ನೊಂದ್ ಐದ್ ನಿಮಿಷ ಕುದೀಬೇಕಿತ್ತು. ಒಗ್ಗರಣ್ಯಾಗ ಸಾಸಿವಿ ಪೂರಾ ಸಿಡದಿಲ್ಲ.” ಅಂದರೆ ಚೆನ್ನಾಗಿದೆಯೋ ಇಲ್ಲವೋ ಎಂದು ಕೇಳಿದೆ. ಅವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಎಲ್ಲವನ್ನೂ ಹೇಳಿಯಾಯಿತಲ್ಲ, ಇನ್ನೇನು ಉಳಿದಿದೆ ಎನ್ನುವಂತೆ ನನ್ನ ಮುಖ ನೋಡಿದರು. ಆಮೇಲೆ ಡಬ್ಬಿಯನ್ನು ತಳದವರೆಗೆ ಖಾಲಿ ಮಾಡಿದರು.

ಅದು ಗ್ರೀನ್ ಕಾರ್ಡಿನ ಕಾಲ. ಅಮೆರಿಕದ್ದಲ್ಲ, ಜರ್ಮನಿಯದು. ಕಂಪ್ಯೂಟರ್ ಬಲ್ಲವರು ತನ್ನಲ್ಲಿ ಸಾಲದೆಂದು ಆ ದೇಶವೂ ಅದೇ ಹೆಸರಿನ ಪರವಾನಗಿ ಕೊಟ್ಟು, ಐದು ವರ್ಷದ ಮಟ್ಟಿಗೆ ನಮ್ಮಂಥವರನ್ನು ಕರೆಸಿಕೊಳ್ಳುತ್ತಿತ್ತು. ಹಾಗೆ ಹೋದವಳು ನಾನು, ಉಡುಪಿಯ ಹುಡುಗಿ, ಇಪ್ಪತ್ತಾರರ ಪ್ರಾಯ. ಹಾಗೆ ಹೋದವರೇ ಧಾರವಾಡದ ಗುರುಸಿದ್ದಪ್ಪ ಅಂಗಡಿಯವರೂ. ನಲವತ್ತು ದಾಟಿದ ಆಸಾಮಿ, ಜೊತೆಯಲ್ಲಿ ಹೆಂಡತಿ ಶಾಂತಕ್ಕ, ಶಾಲೆಗೆ ಹೋಗುವ ಮಗಳು. ಸ್ಟುಟ್‌ಗಾರ್ಟಿನ ಫೊಯರ್‌ಬಾಕ್‌ನಲ್ಲಿ ನಮ್ಮಿಬ್ಬರಿಗೂ ಒಂದೇ ವಿಭಾಗ, ಎದುರು ಬದುರು ಮೇಜು. ಡೀಸೆಲ್ ಪಂಪುಗಳನ್ನು ಪರೀಕ್ಷಿಸುವ ಯಂತ್ರಕ್ಕೆ ಪ್ರೋಗ್ರಾಂ ಬರೆಯುವುದು ನಮ್ಮ ಕೆಲಸ. ಅಂಗಡಿಯವರು ಮೊದಲ ದಿನವೇ ನನ್ನನ್ನು ತಂಗಿ ಎಂದು ಕರೆದು, ಎರಡನೆಯ ದಿನದಿಂದ ಛೇಡಿಸಲು ಶುರು ಮಾಡಿದರು. “ನೀವು ಉಡುಪಿ ಕಡೆ ಮಂದಿ ಮಾತಾಡಿದ್ರ ರೇಡಿಯೋದಾಗ ವಾರ್ತಾ ಓದಿದಂಗ ಇರ್ತೈತಿ ನೋಡವಾ. ಕಡೀಕ ನಮಸ್ಕಾರ ಒಂದ್ ಹೇಳೂದು ಬಾಕಿ.”

ಅವರ ಜರ್ಮನ್ ಭಾಷೆಯ ಬಗ್ಗೆ ಹೇಳದಿರುವುದೇ ಒಳ್ಳೆಯದು. ಅನ್‌ಮೆಲ್ಡುಂಗ್ ಎಂದರೆ ವಿಳಾಸದ ನೋಂದಣಿ, ಮೀಟೆ ಎಂದರೆ ಬಾಡಿಗೆ, ಎಸ್‌ಬಾನ್ ಎಂದರೆ ಊರೊಳಗಿನ ರೈಲು, ಇಂಥ ಹೆಸರುಗಳನ್ನು ಧಾರವಾಡದ ಕನ್ನಡದ ನಡುವೆ ಒಗ್ಗರಣೆಯಂತೆ ಹಾಕಿ ಕಾಲ ಹಾಕುತ್ತಿದ್ದರು. ಅಂಕಿಗಳು ಮಾತ್ರ ಅವರಿಗೆ ಪಕ್ಕಾ ಬರುತ್ತಿದ್ದವು. ಪಂಪಿನ ಮುಂದೆ ನಿಂತ ಕೆಲಸಗಾರರು ದಿನವಿಡೀ ಜರ್ಮನ್‌ನಲ್ಲಿ ಅಳತೆ ಕೂಗುತ್ತಿದ್ದರು, ಇವರು ಬರೆದುಕೊಳ್ಳುತ್ತಿದ್ದರು. ಒಂದರಿಂದ ಸಾವಿರದವರೆಗೆ ಯಾವ ಅಂಕಿಯನ್ನು ಯಾವ ಉಚ್ಚಾರದಲ್ಲಿ ಕೂಗಿದರೂ ಅವರ ಕಿವಿ ತಪ್ಪುತ್ತಿರಲಿಲ್ಲ.

ಅವರ ಮನೆಯ ಕಟ್ಟಡದಲ್ಲಿ, ಆ ಕಡೆಯ ಎಲ್ಲ ಕಟ್ಟಡಗಳಲ್ಲಿರುವಂತೆ, ಕೇರ್‌ವೋಖೆ ಎಂಬ ಪದ್ಧತಿಯಿತ್ತು. ಒಂದೊಂದು ವಾರ ಒಂದೊಂದು ಮನೆಯವರು ಮೆಟ್ಟಿಲು ಗುಡಿಸಿ ಒರೆಸಬೇಕು. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಮರದ ಫಲಕ ತೂಗಾಡುತ್ತಿರುತ್ತದೆ. ಕೆಳಗಿನ ಮನೆಯ ಅಜ್ಜಿ ಒಂದು ದಿನ ಬಂದು, ಮಾರ್ಚ್ ತಿಂಗಳ ನಿಮ್ಮ ವಾರದಲ್ಲಿ ಮೆಟ್ಟಿಲು ಒರೆಸಿಲ್ಲ ಎಂದು ಗದರಿದರು. ಅಂಗಡಿಯವರು ಒಳಗೆ ಹೋಗಿ ಒಂದು ನೋಟ್‌ಬುಕ್ಕು ತಂದರು. ಯಾವ ದಿನ, ಎಷ್ಟು ಹೊತ್ತಿಗೆ, ಒರೆಸಿದ್ದು ತಾವೋ ಶಾಂತಕ್ಕನೋ, ಎಲ್ಲವೂ ಅದರಲ್ಲಿತ್ತು. ಮಾರ್ಚಿನದು ಸ್ಪಷ್ಟವಾಗಿತ್ತು, ಒರೆಸಿದ್ದರು. ಅಜ್ಜಿ ತಪ್ಪಾಯಿತೆಂದು ಹೊರಟಾಗ ಇವರು ತಡೆದು, ಪುಟ ತಿರುಗಿಸಿ, ಜನವರಿಯ ಒಂದು ವಾರದ ಮೇಲೆ ಬೆರಳಿಟ್ಟು ತೋರಿಸಿದರು. ಆ ವಾರ ಎಲ್ಲರಿಗೂ ಜ್ವರ, ಯಾರೂ ಒರೆಸಿರಲಿಲ್ಲ, ಅಜ್ಜಿಗೆ ಗೊತ್ತೂ ಆಗಿರಲಿಲ್ಲ. ಶಾಂತಕ್ಕ ನನ್ನೆದುರು ಹಣೆ ಚಚ್ಚಿಕೊಂಡು, ಕೇಳದಿದ್ದದ್ದನ್ನು ತೋರಿಸಿ ಬೈಸಿಕೊಳ್ಳುವ ಗಂಡಸನ್ನು ನೀನೆಲ್ಲಾದರೂ ನೋಡಿದ್ದೀಯಾ ಎಂದು ಕೇಳಿದ್ದರು. ನಾನು ನೋಡಿರಲಿಲ್ಲ.

ಈ ಬರೆದಿಡುವ ಚಟ ಕ್ರಿಕೆಟ್ಟಿನದು. ಧಾರವಾಡದಲ್ಲಿ ಕಾಲೇಜಿನ ತಂಡಕ್ಕೂ, ಆಮೇಲೆ ಊರಿನ ಒಂದು ಕ್ಲಬ್ಬಿಗೂ ಹದಿನೈದು ವರ್ಷ ಅಂಗಡಿಯವರೇ ಸ್ಕೋರರ್. ಒಂದು ದಿನವೂ ಬ್ಯಾಟು ಹಿಡಿದವರಲ್ಲ. ಹುಣಸೆ ಮರದಡಿ ಮಡಚುವ ಕುರ್ಚಿ ಹಾಕಿಕೊಂಡು, ಮೂರು ಪೆನ್ಸಿಲ್ ಹೆರೆದಿಟ್ಟುಕೊಂಡು, ಒಂದೊಂದು ಚೆಂಡಿಗೂ ಒಂದೊಂದು ಚುಕ್ಕಿ ಇಡುವುದೇ ಅವರ ಆಟ. ಸ್ಟುಟ್‌ಗಾರ್ಟಿಗೆ ಬಂದ ಮೇಲೆ ಕ್ರಿಕೆಟ್ ಇಲ್ಲದೆ ಕೈ ಕಡಿಯುತ್ತಿತ್ತು. ಮೂರನೆಯ ವರ್ಷ ಒಂದು ಶನಿವಾರ ಎಸ್‌ಬಾನ್ ಕಿಟಕಿಯಿಂದ ಬಿಳಿ ಗೆರೆ ಎಳೆದ ಹಸಿರು ಮೈದಾನ ಕಂಡಿತಂತೆ. ಮುಂದಿನ ನಿಲ್ದಾಣದಲ್ಲಿ ಇಳಿದು ನಡೆದೇ ಹೋದರು.

ಅದು ಅಮೆರಿಕನ್ ಫುಟ್‌ಬಾಲು. ಊರ ಹುಡುಗರು ಹೆಲ್ಮೆಟ್ಟು ಹಾಕಿ, ಭುಜಕ್ಕೆ ದಿಂಬು ಕಟ್ಟಿಕೊಂಡು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಮೊದಲ ಹತ್ತು ನಿಮಿಷ ಅಂಗಡಿಯವರು ಇದು ಆಟವಲ್ಲ, ಆಸ್ತಿ ಜಗಳ ಇರಬೇಕೆಂದುಕೊಂಡರಂತೆ. ಆಮೇಲೆ ಗೆರೆಯ ಪಕ್ಕದಲ್ಲಿ ಒಬ್ಬ ಮುದುಕ ಹಾಳೆಯಲ್ಲಿ ಏನೋ ಗೀಚುತ್ತ, ಅಳಿಸುತ್ತ ಒದ್ದಾಡುವುದು ಕಂಡಿತು. ಅದನ್ನು ನೋಡಿಕೊಂಡು ಸುಮ್ಮನಿರುವುದು ಅವರಿಂದಾಗದ ಮಾತು. ಮೂರನೆಯ ಶನಿವಾರ ಆ ಹಾಳೆ ಅಂಗಡಿಯವರ ತೊಡೆಯ ಮೇಲಿತ್ತು, ಮುದುಕ ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ. ನಾನು ಜರ್ಮನ್ ತರಗತಿಗೆ ಹೋಗಿ ನಾಲ್ಕು ಮಾತು ಕಲಿತಿದ್ದೆನಾದ್ದರಿಂದ ನನ್ನನ್ನು ದುಭಾಷಿಯಾಗಿ ಎಳೆದುಕೊಂಡು ಹೋದರು. ಶನಿವಾರ ಮನೆಯಲ್ಲಿ ಕುಳಿತು ನನಗೂ ಮಾಡುವುದೇನಿರಲಿಲ್ಲ.

ಆ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂಬವನೊಬ್ಬನಿರುತ್ತಾನೆ. ಎಲ್ಲರೂ ತನ್ನ ಮೇಲೆ ಬೀಳಲು ಬರುತ್ತಿರುವಾಗ ನಿಂತು, ಓಡುತ್ತಿರುವ ತನ್ನವನೊಬ್ಬನಿಗೆ ಚೆಂಡು ಎಸೆಯುವುದು ಅವನ ಕೆಲಸ. ನಮ್ಮ ತಂಡದಲ್ಲಿ ಆ ಕೆಲಸ ಟೋಬಿಯದು. ಇಪ್ಪತ್ನಾಲ್ಕರ ಹುಡುಗ, ಉದ್ದನೆಯ ಕೈ, ಬೇಕರಿಯಲ್ಲಿ ಬೆಳಗಿನ ಪಾಳಿ. ಪ್ರತಿ ಆಟಕ್ಕೂ ಕಾಗದದ ಚೀಲದಲ್ಲಿ ನಾಲ್ಕು ಬ್ರೆಟ್ಸೆಲ್, ಅಂದರೆ ಗಂಟು ಹಾಕಿ ಸುಟ್ಟ ಉಪ್ಪಿನ ಬ್ರೆಡ್ಡು, ತಂದು ಅಂಗಡಿಯವರ ಕುರ್ಚಿಯ ಮೇಲಿಟ್ಟು ಹೋಗುತ್ತಿದ್ದ. ಒಳ್ಳೆಯ ಹುಡುಗ, ಆದರೆ ಆ ವರ್ಷ ಅವನ ಗ್ರಹಗತಿ ನೆಟ್ಟಗಿರಲಿಲ್ಲ. ಎಸೆದದ್ದು ಒಂದೋ ನೆಲಕ್ಕೆ, ಇಲ್ಲವೋ ಎದುರಾಳಿಯ ಕೈಗೆ. ಗೆರೆಯಾಚೆ ನಿಂತ ಜನ ಅವನ ಹೆಸರು ಹಿಡಿದು ಗೊಣಗುತ್ತಿದ್ದರು.

ಎಸೆಯುವವನ ಯೋಗ್ಯತೆಗೆ ಒಂದು ಅಂಕಿಯಿದೆ, ರೇಟಿಂಗ್ ಎನ್ನುತ್ತಾರೆ. ಎಷ್ಟು ಎಸೆತ ತನ್ನವರ ಕೈ ಸೇರಿತು, ಎಷ್ಟು ದೂರ ಹೋಯಿತು, ಎಷ್ಟರಿಂದ ಅಂಕ ಬಂತು, ಎಷ್ಟು ಎದುರಾಳಿಯ ಪಾಲಾಯಿತು, ಇವನ್ನೆಲ್ಲ ಕೂಡಿಸಿ ಕಳೆದು, ಒಟ್ಟು ಎಸೆತಗಳಿಂದ ಭಾಗಿಸಿದರೆ ಬರುವ ಒಂದು ಸಂಖ್ಯೆ. ಅಂಗಡಿಯವರಿಗೆ ಆ ಸೂತ್ರ ಸಿಕ್ಕ ದಿನ ಮಗು ಹುಟ್ಟಿದಷ್ಟು ಸಂಭ್ರಮ. ಅದೇ ವಾರದಲ್ಲಿ ಅನುಮಾನವೂ ಶುರುವಾಯಿತು. ಟೋಬಿ ಎದೆಗೇ ಹೋಗುವಂತೆ ಎಸೆದ ಚೆಂಡನ್ನು ತನ್ನವನೇ ಕೈಚೆಲ್ಲಿದರೂ ಸೂತ್ರದ ಕಣ್ಣಿಗೆ ಅದು ಟೋಬಿಯ ಸೋಲು. “ಹೊಲಿಗಿ ಬರೋಬ್ಬರಿ ಹಾಕ್ಯಾನ, ಉಟ್ಕೊಂಡಾವ ಹರಕೊಂಡಾನ. ಅದಕ್ಕ ದರ್ಜಿಗೆ ಮಾರ್ಕ್ಸ್ ಕಡಿಮಿ ಅಂದ್ರ ಹ್ಯಾಂಗವಾ?” ಎಂದು ನನ್ನನ್ನೇ ಕೇಳಿದರು, ಆ ಸೂತ್ರ ನಾನೇ ಬರೆದವಳೇನೋ ಎಂಬಂತೆ.

ಹಾಗೆ ಹುಟ್ಟಿಕೊಂಡದ್ದು ಎರಡನೆಯ ನೋಟ್‌ಬುಕ್ಕು. ಮೊದಲನೆಯದು ಕ್ಲಬ್ಬಿಗೆ, ಎರಡನೆಯದು ತಮಗೆ. ಅದರಲ್ಲಿ ಟೋಬಿಯ ಒಂದೊಂದು ಎಸೆತಕ್ಕೂ ಒಂದೊಂದು ಸಾಲು: ಕಾಲು ಜಾರಿತು, ಗಾಳಿ ಎದುರು, ಚೆಂಡು ಒದ್ದೆ, ತನ್ನವನು ಕೈಚೆಲ್ಲಿದ. ಎಲ್ಲವೂ ಮುದ್ದಾದ ಕನ್ನಡ ಅಕ್ಷರದಲ್ಲಿ. ಟೋಬಿಗೆ ಅದರಲ್ಲೇನಿದೆ ಎಂದು ತಿಳಿಯುವಂತಿರಲಿಲ್ಲ. ಒಮ್ಮೆ ಇಣುಕಿ ನೋಡಿ, ಇಷ್ಟೊಂದು ಉರುಟುರುಟಾಗಿ ಬರೆದಿದ್ದಾರೆ ಎಂದರೆ ಒಳ್ಳೆಯದೇ ಇರಬೇಕು ಎಂದು ಸಮಾಧಾನ ಮಾಡಿಕೊಂಡಿದ್ದ.

ಬೇಸಿಗೆಯ ಮಧ್ಯಕ್ಕೆ ಬರುವಾಗ ಕ್ಲಬ್ಬಿನ ಸಮಿತಿಯಲ್ಲಿ ಗುಸುಗುಸು ಎದ್ದಿತು. ಅಮೆರಿಕದಿಂದ ಒಬ್ಬ ಎಸೆತಗಾರನನ್ನು ಕರೆಸೋಣ ಎಂದು ಕೆಲವರು. ನಮ್ಮ ಹುಡುಗನೇ ಇರಲಿ ಎಂದು ಕೋಚ್ ಊವೆ. ಊವೆ ದಪ್ಪ ಮೀಸೆಯ, ಸಣ್ಣ ದನಿಯ ಮನುಷ್ಯ, ಟೋಬಿಗೆ ಎಂಟು ವರ್ಷದವನಿದ್ದಾಗಿನಿಂದ ಆಟ ಕಲಿಸಿದವನು. ಅಧ್ಯಕ್ಷೆ ಕ್ಲಿಂಕ್ ಮೇಡಂ ತೀರ್ಪು ಕೊಟ್ಟರು: ಆರು ಆಟ ಮುಗಿದಾಗ ಟೋಬಿಯ ರೇಟಿಂಗ್ ನೂರು ಮುಟ್ಟಿದ್ದರೆ ಅವನೇ ಮುಂದುವರಿಯಲಿ, ಇಲ್ಲವಾದರೆ ಅಮೆರಿಕದವನು ಬರಲಿ. ಊರವರು ಸಾಲದೆಂದು ಹೊರಗಿನವನನ್ನು ಕರೆಸುವ ಮಾತು ಕೇಳಿ ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ನಮ್ಮನ್ನು ಕರೆಸಿದ್ದೂ ಹಾಗೇ ಅಲ್ಲವೇ. ನಮ್ಮಿಂದಾಗಿ ಯಾವ ಟೋಬಿ ಎಲ್ಲಿ ಬೆಂಚಿನ ಮೇಲೆ ಕುಳಿತಿದ್ದಾನೋ ಎಂದು ಅಂಗಡಿಯವರು ಆ ಶನಿವಾರ ಮನೆಗೆ ಹೋಗುವವರೆಗೂ ಹೇಳುತ್ತಲೇ ಇದ್ದರು.

ಐದು ಆಟ ಮುಗಿದಾಗ ಟೋಬಿಯ ಅಂಕಿ ನೂರಮೂರು. ಅಂಗಡಿಯವರ ಹಾಳೆಯೇ ಅಧಿಕೃತ ಹಾಳೆ. ಟೋಬಿ ಶಿಳ್ಳೆ ಹಾಕಿಕೊಂಡು ಓಡಾಡುತ್ತಿದ್ದ, ಬ್ರೆಟ್ಸೆಲ್ ನಾಲ್ಕಿದ್ದದ್ದು ಆರಾಯಿತು. ಆರನೆಯ ಆಟವೂ ಪರವಾಗಿಲ್ಲ ಎನ್ನುವಂತೆ ಮುಗಿದು, ಅಂಕಿ ನೂರಮೂರರಲ್ಲೇ ನಿಂತಿತು. ಆಗಲೇ ಎದುರು ತಂಡದ ಸ್ಕೋರರ್ ಹುಡುಗಿ ತನ್ನ ಹಾಳೆ ಹಿಡಿದು ಬಂದು, ಟೋಬಿಯ ಎಸೆತಗಳು ನಿಮ್ಮಲ್ಲಿ ಎರಡು ಕಡಿಮೆ ಇವೆಯಲ್ಲ ಎಂದಳು. ಅಂಗಡಿಯವರು ನಕ್ಕರು. ತಮ್ಮ ಲೆಕ್ಕ ತಪ್ಪುವುದುಂಟೇ! ಅವಳು ಒಂದೊಂದಾಗಿ ಓದುತ್ತ ಹೋದಳು, ನಾನು ಕನ್ನಡಕ್ಕೆ ತಿರುಗಿಸುತ್ತ ಹೋದೆ. ವ್ಯತ್ಯಾಸ ಇದ್ದದ್ದು ಇಲ್ಲಿ: ಯಾರೂ ಖಾಲಿ ಸಿಗದೆ ಮೈಮೇಲೆ ಜನ ಬಂದಾಗ ಎಸೆಯುವವನು ಪೆಟ್ಟು ತಪ್ಪಿಸಿಕೊಳ್ಳಲು ಬೇಕೆಂದೇ ಚೆಂಡನ್ನು ಗೆರೆಯಾಚೆ ಬಿಸಾಡುವುದುಂಟು. ಅಂಥವನ್ನು ಅಂಗಡಿಯವರು ಎಸೆತವೆಂದು ಎಣಿಸಿಯೇ ಇರಲಿಲ್ಲ. “ಯಾರ ಕೈಗೂ ನಿಲುಕದ್ದು ವೈಡ್ ಬಾಲ್. ವೈಡ್ ಬಾಲ್ ಯಾರರ ಓವರಿನ್ಯಾಗ ಹಿಡೀತಾರೇನು? ಕೇಳವಾ ಅಕೀನ್ನ.”

ನಾನು ಕೇಳಿದೆ. ವೈಡ್ ಬಾಲ್ ಎಂದರೇನೆಂದು ಅವಳಿಗೆ ತಿಳಿಸಲು ಹತ್ತು ನಿಮಿಷ ಹಿಡಿಯಿತು. ಅವಳು ಪಾಪ ಪೂರ್ತಿ ಕೇಳಿಸಿಕೊಂಡು, ತುಂಬ ಸ್ವಾರಸ್ಯವಾಗಿದೆ, ಆದರೆ ಈ ಆಟದಲ್ಲಿ ಅದೂ ಎಸೆತವೇ, ಅದೂ ಎಸೆದವನ ಲೆಕ್ಕಕ್ಕೇ ಎಂದಳು. ಅಂಗಡಿಯವರ ನಗು ಇಳಿಯಿತು. ಹದಿನೈದು ವರ್ಷ ಹುಣಸೆ ಮರದಡಿ ಕುಳಿತವರ ಕೈ, ಮೆದುಳನ್ನು ಕೇಳದೆಯೇ ಆರು ಆಟದಲ್ಲಿ ಅಂಥ ಹನ್ನೆರಡು ಎಸೆತಗಳನ್ನು ಬಿಟ್ಟುಬಿಟ್ಟಿತ್ತು. ಭಾಗಿಸುವ ಸಂಖ್ಯೆ ಚಿಕ್ಕದಾದ್ದರಿಂದ ಟೋಬಿಯ ಅಂಕಿ ಉಬ್ಬಿತ್ತು. ಎಸ್‌ಬಾನ್‌ನಲ್ಲಿ ಕುಳಿತು ಮತ್ತೆ ಲೆಕ್ಕ ಹಾಕಿದರು. ನೂರಮೂರು ಹೋಗಿ ತೊಂಬತ್ತೈದಾಯಿತು.

ನನಗೆ ಟೋಬಿಯ ಶಿಳ್ಳೆ ನೆನಪಾಯಿತು. ಸಾಚಾತನದ ಪಾಠ ಕಲಿಯುವ ಮನಸ್ಸಿರಲಿಲ್ಲ. “ಬಿಟ್ಟುಬಿಡಿ ಮಾರಾಯ್ರೆ. ಆ ಹುಡುಗಿ ನೋಡಿದ್ದು ಒಂದೇ ಆಟ. ಹಿಂದಿನ ಐದು ಯಾರು ಕೇಳ್ತಾರೆ? ನಿಮ್ಮ ಸೂತ್ರವೇ ಸರಿ ಇಲ್ಲ ಅಂತ ನೀವೇ ಹೇಳುದಲ್ವಾ?” ಎಂದೆ.

“ಸೂತ್ರ ಸರಿ ಇಲ್ಲ, ಖರೆ. ಅದು ಬ್ಯಾರೆ ಮಾತು,” ಎಂದರು. “ಅಳತೀ ಗೇಜ್ ತಪ್ಪೈತಿ ಅಂತ ಗೊತ್ತಾದಮ್ಯಾಲೆ, ಆ ಗೇಜ್ ಹಿಡಿದು ಪಾಸ್ ಮಾಡಿದ ಮಾಲು ಅಷ್ಟೂ ವಾಪಸ್ ತರಸ್ತೀವೋ ಇಲ್ಲೋ? ಪಂಪಿಗೆ ಒಂದು, ಮನಶಾಗ ಒಂದು ಮಾಡಾಕ ಬರಂಗಿಲ್ಲ ತಂಗಿ.” ಇನ್ನು ಮೇಲೆ ಆ ಮೈದಾನಕ್ಕೆ ಕಾಲಿಡುವಾಗ ಕ್ರಿಕೆಟ್ಟನ್ನು ಚಪ್ಪಲಿಯಂತೆ ಹೊರಗೆ ಬಿಟ್ಟು ಬರುತ್ತೇನೆ ಎಂದೂ ಸೇರಿಸಿದರು. ಸೋಮವಾರ ಆರು ಆಟದ ತಿದ್ದಿದ ಹಾಳೆಗಳನ್ನು, ಜೊತೆಗೆ ತಪ್ಪು ತಮ್ಮದೇ ಎಂಬ ಎರಡು ಸಾಲನ್ನು ನನ್ನಿಂದ ಬರೆಸಿ ಕ್ಲಬ್ಬಿಗೆ ಕಳಿಸಿದರು.

ಮುಂದಿನ ಶನಿವಾರ ಮಧ್ಯಾಹ್ನ ಕ್ಲಬ್ಬಿನ ಮನೆಯಲ್ಲಿ ಸಮಿತಿ ಸೇರಿತು. ಆಲೂಗಡ್ಡೆ ಸಲಾಡಿನ ದೊಡ್ಡ ಬೋಗುಣಿ, ಕಾಫಿ, ಗೋಡೆಯ ಮೇಲೆ ಹಳೆಯ ಆಟಗಾರರ ಫೋಟೋಗಳು. ಟೋಬಿ ಹೊರಗೆ ಮೆಟ್ಟಿಲ ಮೇಲೆ ಬೂಟಿನ ಮಣ್ಣು ಕೆರೆಯುತ್ತ ಕುಳಿತಿದ್ದ. ಕ್ಲಿಂಕ್ ಮೇಡಂ ತೊಂಬತ್ತೈದು ಎಂದು ಓದಿ ಕನ್ನಡಕ ತೆಗೆದರು, ಅಷ್ಟರಲ್ಲಿ ಊವೆ ಎದ್ದು ನಿಂತ. ಈ ಭಾರತೀಯರ ಹತ್ತಿರ ಇನ್ನೊಂದು ನೋಟ್‌ಬುಕ್ಕಿದೆ, ಅದನ್ನೂ ಕೇಳಿ ಎಂದ. ಅವನಿಗೆ ಅದು ಹೇಗೆ ಗೊತ್ತಾಯಿತೆಂದರೆ ನಾನೇ ಹೇಳಿದ್ದೆ.

ಅಂಗಡಿಯವರು ನೋಟ್‌ಬುಕ್ಕು ತೆರೆದರು. ಅವರು ಕನ್ನಡದಲ್ಲಿ ಓದಿದ್ದನ್ನು ನಾನು ಜರ್ಮನ್‌ಗೆ ತಿರುಗಿಸಿದೆ. ಟೋಬಿ ಸರಿಯಾಗಿ ಎಸೆದು, ತನ್ನವರು ಕೈಚೆಲ್ಲಿದ್ದು ಹದಿನಾಲ್ಕು. ಯಾವ ಆಟ, ಯಾವ ಎಸೆತ, ಯಾರ ಕೈ, ಎಲ್ಲವೂ ಇತ್ತು. ಇಬ್ಬರು ಮೂವರು ಅಪ್ಪಂದಿರು ತಮ್ಮ ಮಕ್ಕಳ ಹೆಸರು ಬಂದಾಗ ಸಲಾಡಿನ ಕಡೆ ತಿರುಗಿದರು. ಆ ಹದಿನಾಲ್ಕನ್ನು ಹಿಡಿದದ್ದಾಗಿ ಲೆಕ್ಕ ಹಾಕಿದರೆ ಟೋಬಿಯ ಅಂಕಿ ನೂರ ಹನ್ನೊಂದು ಎಂದು ಕ್ಲಿಂಕ್ ಮೇಡಂ ಕ್ಯಾಲ್ಕುಲೇಟರ್ ಒತ್ತಿ ಹೇಳಿದರು. ಊವೆ ಮೇಜು ಗುದ್ದಿದ. ನನಗೂ ಗುದ್ದಬೇಕೆನಿಸಿತು.

ಅಂಗಡಿಯವರು ಪುಟ ತಿರುಗಿಸಿದರು. “ಇನ್ನೊಂದೈತಿ,” ಎಂದರು. ಟೋಬಿ ಕೆಟ್ಟದಾಗಿ ಎಸೆದು, ಎದುರಾಳಿಗಳ ಕೈಗೇ ಹೋಗಿ, ಅವರು ಹಿಡಿಯಲಾಗದೆ ಕೈಚೆಲ್ಲಿ ಇವನು ಬಚಾವಾದದ್ದು ಒಂಬತ್ತು ಸಲ. ತನ್ನವರ ತಪ್ಪನ್ನು ಅವನ ಲೆಕ್ಕದಿಂದ ತೆಗೆದರೆ ಎದುರಿನವರ ತಪ್ಪನ್ನೂ ತೆಗೆಯಬೇಕು, ಆ ಒಂಬತ್ತನ್ನು ಅವರು ಹಿಡಿದದ್ದೆಂದೇ ಎಣಿಸಬೇಕು ಎಂದರು. ನನಗೆ ಇದು ಗೊತ್ತಿರಲಿಲ್ಲ. ಇದನ್ನು ಯಾರೂ ಕೇಳಲಿಲ್ಲವಲ್ಲ ಸರ್ ಎಂದು ಕನ್ನಡದಲ್ಲಿ ಪಿಸುಗುಟ್ಟಿದೆ.

“ಕೇಳಿಲ್ಲ. ನೀ ಹೇಳವಾ.”

ನಾನು ಜರ್ಮನ್‌ನಲ್ಲಿ, ಎದುರಾಳಿಗಳೂ ಕೆಲವು ಬಿಟ್ಟಿದ್ದಾರೆ ಎಂದೆ. ಕೆಲವು ಎಂದೇ ಅಂದೆ, ಬೇಕೆಂದೇ ಅಂದೆ. ಸಮಿತಿಯವರು ತಲೆಯಾಡಿಸಿ ಮುಂದಿನ ವಿಷಯಕ್ಕೆ ಹೋಗುವವರಿದ್ದರು. ಅಂಗಡಿಯವರು ಮಾತ್ರ ಕಿವಿ ಮುಂದೆ ಮಾಡಿ ಕುಳಿತಿದ್ದರು. ಉಳಿದ ಭಾಷೆ ಬಾರದಿದ್ದರೂ ಅಂಕಿ ಬರುವ ಮನುಷ್ಯ. ತಾವು ಹೇಳಿದ ಅಂಕಿ ನನ್ನ ಮಾತಿನಲ್ಲಿ ಬರಲೇ ಇಲ್ಲ ಎಂಬುದು ಗೊತ್ತಾಗಿಬಿಟ್ಟಿತು. ನನ್ನ ಕಡೆ ನೋಡಲಿಲ್ಲ. ಕ್ಲಿಂಕ್ ಮೇಡಂ ಕಡೆ ತಿರುಗಿ, “ನೊಯ್ನ್,” ಎಂದರು. ಒಂಬತ್ತು.

ಕ್ಯಾಲ್ಕುಲೇಟರ್ ಮತ್ತೆ ಒತ್ತಿದ್ದಾಯಿತು. ತೊಂಬತ್ತೊಂಬತ್ತು ಚಿಲ್ಲರೆ. ನೂರಕ್ಕೆ ಕೂದಲೆಳೆಯಷ್ಟು ಕಡಿಮೆ. ಊವೆ, ಇದು ನೂರೇ ಎಂದ. ಕ್ಲಿಂಕ್ ಮೇಡಂ ಬೇಸರದಿಂದಲೇ, ನೂರು ಎಂದರೆ ನೂರು ಎಂದರು. ಆ ಒಂಬತ್ತು ಎಂಟಾಗಿದ್ದರೆ ನೂರು ದಾಟುತ್ತಿತ್ತು ಎಂಬ ಲೆಕ್ಕ ಅಲ್ಲಿದ್ದ ಎಲ್ಲರಿಗೂ ಬರುತ್ತಿತ್ತು. ಅಮೆರಿಕದವನನ್ನು ಕರೆಸುವುದೆಂದು ತೀರ್ಮಾನವಾಯಿತು.

ಟೋಬಿಗೆ ಸುದ್ದಿ ಹೇಳಲು ಊವೆ ಏಳುವ ಮೊದಲೇ ಅಂಗಡಿಯವರು ಎದ್ದು ಹೊರಗೆ ಹೋದರು. ಅವನ ಪಕ್ಕದಲ್ಲಿ ಮೆಟ್ಟಿಲ ಮೇಲೆ ಕುಳಿತು, ಎರಡನೆಯ ನೋಟ್‌ಬುಕ್ಕನ್ನು ತೊಡೆಯ ಮೇಲೆ ತೆರೆದಿಟ್ಟು, ಒಂದೊಂದು ಸಾಲನ್ನೂ ನನ್ನಿಂದ ಓದಿಸಿದರು. ಮುಕ್ಕಾಲು ಗಂಟೆ ಹಿಡಿಯಿತು. ಟೋಬಿ ಬೂಟು ಕೆರೆಯುವುದನ್ನು ನಿಲ್ಲಿಸಿ ಕೇಳಿದ. ಕೊನೆಗೆ ಸೈಕಲ್ ಹತ್ತಿ ಹೋದ.

ಎರಡು ಶನಿವಾರ ಕುರ್ಚಿಯ ಮೇಲೆ ಬ್ರೆಟ್ಸೆಲ್ ಚೀಲ ಇರಲಿಲ್ಲ. ಅಂಗಡಿಯವರು ಅತ್ತಿತ್ತ ನೋಡಿ, ಕುರ್ಚಿಯನ್ನು ಸುಮ್ಮನೆ ಕೈಯಿಂದ ಒರೆಸಿ ಕುಳಿತುಕೊಳ್ಳುತ್ತಿದ್ದರು. ಆ ಒಂಬತ್ತಿನಿಂದಾಗಿ ನನಗೆ ಅವರ ಮೇಲಿದ್ದ ಸಿಟ್ಟು ಆಗ ಪೂರ್ತಿ ಇಳಿಯಿತು. ಮೂರನೆಯ ಶನಿವಾರ ಚೀಲ ಇತ್ತು, ಮೊದಲಿನಂತೆ ನಾಲ್ಕು. ಅಮೆರಿಕದ ಹುಡುಗ ಬಂದು ಅಂದವಾಗಿ ಎಸೆದ, ನಮ್ಮ ತಂಡದವರು ಅವನದನ್ನೂ ಅಷ್ಟೇ ಶ್ರದ್ಧೆಯಿಂದ ಕೈಚೆಲ್ಲಿದರು, ವರ್ಷದ ಕೊನೆಗೆ ಪಟ್ಟಿಯಲ್ಲಿ ಕೆಳಗಿನಿಂದ ಎರಡನೆಯ ಸ್ಥಾನಕ್ಕೆ ಬಂದು ನಿಂತೆವು. ಟೋಬಿ ಎಸೆಯುವುದನ್ನು ಬಿಟ್ಟು ಹಿಡಿಯುವವನಾದ. ಹಿಡಿಯುವವನಾಗಿ ಆಡಿದ ಮೊದಲ ಆಟದಲ್ಲೇ ಎರಡು ಬಿಟ್ಟ. ಅಂಗಡಿಯವರು ಅದನ್ನೂ ಬರೆದರು. ಆಟ ಮುಗಿದ ಮೇಲೆ ಟೋಬಿಯೇ ಬಂದು ಎರಡು ಬೆರಳು ತೋರಿಸಿ, ಸರಿಯೇ ಎಂಬಂತೆ ಹುಬ್ಬು ಹಾರಿಸಿದ. ಸರಿ ಎಂದು ಇವರು ತಲೆಯಾಡಿಸಿದರು. ಆಮೇಲೆ ಅವನು ಭಾನುವಾರ ಮನೆಗೆ ಬಂದು ಶಾಂತಕ್ಕನ ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದು ಹೋಗುವಷ್ಟರ ಮಟ್ಟಿಗೆ ಹೊಂದಿಕೊಂಡ. ಬೇಕರಿಯವನಲ್ಲವೇ, ರೊಟ್ಟಿ ಬಡಿಯುವುದನ್ನು ಪಕ್ಕದಲ್ಲಿ ನಿಂತು ನೋಡುತ್ತಿದ್ದ.

ಅಂಗಡಿಯವರು ಈಗಿಲ್ಲ. ಐದು ವರ್ಷ ಮುಗಿಸಿ ಧಾರವಾಡಕ್ಕೆ ಮರಳಿ, ಒಂದು ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದರು. ನಾಲ್ಕು ವರ್ಷದ ನಂತರ, ತರಗತಿಯಿಂದ ಬಂದು ಚಹಾ ಕೇಳಿದವರು ಅದು ಬರುವಷ್ಟರಲ್ಲಿ ಹೋಗಿಬಿಟ್ಟಿದ್ದರೆಂದು ಶಾಂತಕ್ಕ ಫೋನಿನಲ್ಲಿ ಹೇಳಿದರು. ನಾನು ಆಗಲೂ ಸ್ಟುಟ್‌ಗಾರ್ಟಿನಲ್ಲೇ ಇದ್ದೆ. ಬೇಕರಿಗೆ ಹೋಗಿ ಟೋಬಿಗೆ ತಿಳಿಸಿದೆ. ಅವನು ಹಿಟ್ಟಿನ ಕೈ ಒರೆಸಿಕೊಳ್ಳದೆ ಹಾಗೇ ನಿಂತುಬಿಟ್ಟ. ಇಬ್ಬರಿಗೂ ನೆನಪಾದದ್ದು ಅವರು ಊರಿಗೆ ಹೊರಟ ಬೆಳಗ್ಗೆ, ವಿಮಾನ ನಿಲ್ದಾಣದ ಅರ್ಧ ಗಂಟೆ.

ಆ ದಿನ ಟೋಬಿ ಪಾಳಿ ಮುಗಿಸಿ ಬಿಳಿ ಪ್ಯಾಂಟಿನಲ್ಲೇ ಬಂದಿದ್ದ, ಸೂಟ್‌ಕೇಸುಗಳನ್ನು ಅವನೇ ಹೊತ್ತ. ಶಾಂತಕ್ಕ ಮತ್ತು ಮಗಳು ಕೌಂಟರಿನ ಸಾಲಿನಲ್ಲಿದ್ದರು. ಅಂಗಡಿಯವರು ನಮ್ಮಿಬ್ಬರ ನಡುವೆ ನಿಂತು, ಬೋರ್ಡಿನ ಕಡೆ ನೋಡುತ್ತ, ಇದ್ದಕ್ಕಿದ್ದಂತೆ ಶುರು ಮಾಡಿದರು.

“ತಂಗಿ, ಆ ಒಂಬತ್ತರಾಗ ಒಂದು ನನಗ ಬರೋಬ್ಬರಿ ಕಂಡಿದ್ದಿಲ್ಲ.”

ಯಾವ ಒಂಬತ್ತು ಎಂದು ನಾನು ಕೇಳಬೇಕಾಗಿರಲಿಲ್ಲ. ಐದನೆಯ ಆಟದ ಕೊನೆಯ ಎಸೆತವಂತೆ. ಬಿಸಿಲು ನೇರ ಕಣ್ಣಿಗೆ ಬಿದ್ದಿತ್ತು, ಎದುರಾಳಿ ಹಾರಿದ್ದ, ಚೆಂಡು ನೆಲಕ್ಕೆ ಬಿತ್ತು. ಅವನ ಬೆರಳಿಗೆ ತಾಗಿ ಬಿತ್ತೋ, ತಾಗದೆಯೇ ಬಿತ್ತೋ ಅವರಿಗೆ ಇವತ್ತಿಗೂ ಗೊತ್ತಿಲ್ಲ. ತಾಗಿದ್ದರೆ ಒಂಬತ್ತು, ಇಲ್ಲವಾದರೆ ಎಂಟು. ಸಮಿತಿಯ ದಿನ ಬೆಳಗ್ಗೆ ಮೂರು ಸಲ ಎಣಿಸಿದ್ದರು, ಎಂಟಾಗಲಿ ಎಂದು ಮನಸ್ಸಿನಲ್ಲಿ ಬೇಡಿಕೊಂಡೇ ಎಣಿಸಿದ್ದರು. ಹಾಗೆ ಬೇಡಿಕೊಂಡದ್ದಕ್ಕೇ ಹೆದರಿ, ಎಲ್ಲಿ ಹುಡುಗನ ಮೇಲಿನ ಅಕ್ಕರೆಯಿಂದ ತಪ್ಪು ಬರೆಯುತ್ತೇನೋ ಎಂದು, ಅದನ್ನೂ ಕೈಚೆಲ್ಲಿದ್ದೆಂದೇ ಉಳಿಸಿಕೊಂಡರು.

“ಕ್ರಿಕೆಟ್ಟಿನ್ಯಾಗ ಸಂಶೇ ಬಂದ್ರ ಬ್ಯಾಟ್ಸ್‌ಮನ್ನನ ಕಡೆ ಕೊಡ್ತಾರ. ವೈಡ್ ಬಾಲಿಂದು ತಪ್ಪಾತು ಅಂತ ನಾ ಎಲ್ಲಾ ಹೊರಗ ಬಿಟ್ಟಬಂದೆ. ಅದೊಂದ್ ನಿಯಮ ಒಳಗ ತರಬೇಕಿತ್ತು ತಂಗಿ.” ಬೆರಳು ಮಡಚುತ್ತ ಎಣಿಸಲು ಹೋಗಿ ಎಂಟಕ್ಕೆ ನಿಲ್ಲಿಸಿದರು. ನಾನು ಅವರನ್ನು ಹಾಗೆ ನೋಡಿದ್ದು ಅದೊಂದೇ ಸಲ.

ಟೋಬಿ ಏನಂತೆ ಎಂದು ನನ್ನನ್ನು ಕೇಳಿದ. ನಾನು ಅಂಗಡಿಯವರ ಮುಖ ನೋಡಿದೆ.

“ಹೇಳ ಅವಗ.”

ಈ ಸಲ ಒಂದು ಅಕ್ಷರವನ್ನೂ ಬಿಡದೆ ಹೇಳಿದೆ. ಟೋಬಿ ನೆಲ ನೋಡುತ್ತ ಕೇಳಿಸಿಕೊಂಡ. ಆಮೇಲೆ ತಲೆಯೆತ್ತಿ, ತಾಗಿತ್ತು ಎಂದ. ನಾನೇ ನೋಡಿದ್ದೇನೆ, ಎದುರಾಳಿಯ ಬಲಗೈಯ ಬೆರಳಿಗೆ ತಾಗಿ ಬಿತ್ತು, ಸ್ಪಷ್ಟವಾಗಿ ಕಂಡಿತು ಎಂದೂ ಸೇರಿಸಿದ. “ನೊಯ್ನ್,” ಎಂದು ಅಂಗಡಿಯವರ ಭುಜ ಹಿಡಿದು ಹೇಳಿದ.

ನಾನು ಕನ್ನಡದಲ್ಲಿ ಹೇಳುವ ಮೊದಲೇ ಅವರಿಗೆ ತಿಳಿದಿತ್ತು. ಟೋಬಿಯ ಕಣ್ಣನ್ನೇ ನೋಡಿದರು. ಎರಡು ವರ್ಷ ಹೊತ್ತಿದ್ದ ಭಾರ ಇಳಿದದ್ದು ಅವರ ಮುಖದಲ್ಲಿ ಕಾಣಿಸಿತು. ಅವನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಕುಲುಕಿ, ನನ್ನ ತಲೆಯ ಮೇಲೆ ಒಮ್ಮೆ ಕೈಯಿಟ್ಟು, ಶಾಂತಕ್ಕನ ಹಿಂದೆ ಒಳಗೆ ಹೋದರು.

ಮೈದಾನದಲ್ಲಿ ಅಂಗಡಿಯವರ ಕಣ್ಣು ಯಾವಾಗಲೂ ಚೆಂಡಿನ ಹಿಂದೆ ಹೋಗುತ್ತಿತ್ತು. ನನಗೆ ಆಟ ತಿಳಿಯುತ್ತಿರಲಿಲ್ಲವಾದ್ದರಿಂದ, ಎಸೆದವನ ಗತಿ ಏನಾಯಿತು ಎಂದಷ್ಟೇ ನಾನು ನೋಡುತ್ತಿದ್ದೆ. ಐದನೆಯ ಆಟದ ಕೊನೆಯ ಎಸೆತ ನನಗೆ ಚೆನ್ನಾಗಿ ನೆನಪಿದೆ. ಚೆಂಡು ಕೈಬಿಟ್ಟ ಕ್ಷಣವೇ ಎದುರು ತಂಡದ ಮೂವರು ಧಡಿಯರು ಟೋಬಿಯ ಮೇಲೆ ಬಿದ್ದಿದ್ದರು. ಹೆಲ್ಮೆಟ್ಟು ಅಡ್ಡ ತಿರುಗಿ ಮುಖ ಮುಚ್ಚಿಹೋಗಿತ್ತು, ಅವನನ್ನು ಎಬ್ಬಿಸಿ ಕೂರಿಸುವಾಗ ಆಟ ಮುಗಿದು ಜನ ಮನೆಗೆ ಹೊರಟಿದ್ದರು. ಆ ಚೆಂಡು ಎಲ್ಲಿ ಹೋಯಿತೆಂದು ಅವನು ನೋಡಿರಲು ಸಾಧ್ಯವೇ ಇರಲಿಲ್ಲ. ಗಾಜಿನ ಆಚೆಯಿಂದ ಅಂಗಡಿಯವರು ತಿರುಗಿ ಕೈಬೀಸಿದರು. ಪಕ್ಕದಲ್ಲಿ ಟೋಬಿಯೂ ಬೀಸುತ್ತಿದ್ದ. ನಾನೂ ಕೈಯೆತ್ತಿದೆ.